ವಿಜಯಕುಮಾರಿ ಹಿಡಿದ ನಕ್ಷತ್ರಗಳು

ಸಿರುಮುಗೈಯ ರಾಮಲಿಂಗಂ ಸ್ಟುಡಿಯೋದಲ್ಲಿ ವಿಜಯಕುಮಾರಿಯ ಕೆಲಸವೆಂದರೆ ಚುಕ್ಕಿ ಅಳಿಸುವುದು. ನೆಗೆಟಿವ್ ಮೇಲೆ ಒಂದು ಕಣ ಧೂಳು ಕೂತರೂ ಸಾಕು, ಪ್ರಿಂಟ್ ಹಾಕಿದಾಗ ಅದು ಮದುಮಗಳ ಕೆನ್ನೆಯ ಮೇಲೋ ಮದುಮಗನ ಮೀಸೆಯ ಮೇಲೋ ಬಿಳಿ ಚುಕ್ಕಿಯಾಗಿ ಬೀಳುತ್ತಿತ್ತು. ಮೂರು ಕೂದಲಿನಷ್ಟು ಸಣ್ಣ ಕುಂಚದ ತುದಿಗೆ ಮಸಿ ಬಣ್ಣ ತಾಗಿಸಿ, ಉಸಿರು ಬಿಗಿಹಿಡಿದು, ಆ ಚುಕ್ಕಿಯನ್ನು ಯಾರಿಗೂ ಗೊತ್ತಾಗದ ಹಾಗೆ ಮುಚ್ಚಬೇಕು. ಹನ್ನೊಂದು ವರ್ಷ ಅದನ್ನೇ ಮಾಡಿದ್ದಳು. ಮೇಟ್ಟುಪಾಳಯದ ಸ್ಟುಡಿಯೋದವರೂ ಕಷ್ಟದ ಫೋಟೋಗಳನ್ನು ಅವಳ ಕೈಗೇ ಕಳಿಸುತ್ತಿದ್ದರು.

ಮನೆ ನೇಕಾರರ ಬೀದಿಯಲ್ಲಿ. ಗಂಡ ಗೋವಿಂದಸಾಮಿ ಗುಂಡಿಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೇಯುತ್ತಿದ್ದ. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ಬಂದು ಈ ತಮಿಳು ಸೀಮೆಯಲ್ಲಿ ನೆಲೆ ನಿಂತ ಮನೆತನ. ಒಲೆಯ ಮುಂದೆ, ಮಗ್ಗದ ಮುಂದೆ ಕನ್ನಡ. ಬಾಗಿಲು ದಾಟಿದರೆ ತಮಿಳು. ವಿಜಯಕುಮಾರಿ ಎಂಟನೆಯ ತರಗತಿಯವರೆಗೆ ತಮಿಳಿನಲ್ಲಿ ಓದಿದ್ದಳು. ಕನ್ನಡ ಅಕ್ಷರ ಅವಳಿಗೂ ಬಾರದು, ಗೋವಿಂದಸಾಮಿಗೂ ಬಾರದು. ಮಕ್ಕಳಿರಲಿಲ್ಲ. ಅದರ ಬಗ್ಗೆ ಬೀದಿಯವರು ಆಡಬೇಕಾದದ್ದನ್ನೆಲ್ಲ ಆಡಿ ಮುಗಿಸಿ ಸುಮ್ಮನಾಗಿದ್ದರು.

1983ರ ಡಿಸೆಂಬರ್‌ನಲ್ಲಿ, ಕಾರ್ತಿಗೈ ತಿಂಗಳ ಒಂದು ಮದುವೆಗೆ ರಾಮಲಿಂಗಂ ಫೋಟೋ ತೆಗೆಯಲು ಹೋದ. ರಾತ್ರಿ ಎಂಟೂವರೆಗೆ ಮದುಮಗನ ಮೆರವಣಿಗೆ ಬರುವುದಿತ್ತು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಹಾಕಿ, ಚಪ್ಪರದ ಕಡೆಗೆ ತಿರುಗಿಸಿ, ಶಟರ್ ತೆರೆದಿಟ್ಟು ಫ್ಲ್ಯಾಶ್ ಹೊಡೆಯೋಣ ಎನ್ನುವಷ್ಟರಲ್ಲಿ ಊರಿಗೆ ಊರೇ ಕರೆಂಟ್ ಹೋಯಿತು. ಪೆಟ್ರೋಮ್ಯಾಕ್ಸ್ ತರಲು ಎಲ್ಲರೂ ಓಡಿದರು, ರಾಮಲಿಂಗಂ ಕೂಡ ಓಡಿದ. ತೆರೆದ ಶಟರ್ ಅವನಿಗೆ ನೆನಪಾದದ್ದು ಹತ್ತು ನಿಮಿಷದ ಮೇಲೆ.

ಮರುದಿನ ರೋಲ್ ತೊಳೆದಾಗ ಆ ಒಂದು ಫ್ರೇಮ್‌ನಲ್ಲಿ ಚಪ್ಪರವೂ ಇಲ್ಲ, ಮದುಮಗನೂ ಇಲ್ಲ. ಮೇಲುಭಾಗದಲ್ಲಿ ಒಂದಿಷ್ಟು ಸಣ್ಣ ಗೆರೆಗಳು.

"ಗೀರು ಬಿದ್ದಿದೆ, ಕತ್ತರಿಸಿ ಬಿಸಾಡಮ್ಮಾ" ಎಂದ ರಾಮಲಿಂಗಂ ತಮಿಳಿನಲ್ಲಿ. ಐವತ್ತು ದಾಟಿದ ಮನುಷ್ಯ. ಬಾಯಿ ಜೋರು, ಮನಸ್ಸು ಮೆದು.

ವಿಜಯಕುಮಾರಿ ಕತ್ತರಿ ಎತ್ತಿಕೊಂಡವಳು ಹಾಗೇ ನಿಂತಳು. ಗೀರಾಗಿದ್ದರೆ ನೆಗೆಟಿವ್‌ನಲ್ಲಿ ಅದು ತೆಳ್ಳಗೆ ಹೊಳೆಯಬೇಕು. ಇವು ಕಪ್ಪಗಿದ್ದವು. ಕಪ್ಪಗಿದೆ ಎಂದರೆ ಅಲ್ಲಿ ಬೆಳಕು ಬಿದ್ದಿದೆ ಎಂದೇ ಅರ್ಥ. ಮೇಲಾಗಿ ಗೀರುಗಳು ಹೀಗೆ ಸಾಲು ಹಿಡಿಯುವುದಿಲ್ಲ. ಎಲ್ಲ ಗೆರೆಗಳೂ ಒಂದೇ ಉದ್ದ, ಒಂದೇ ಕಡೆಗೆ ವಾಲಿವೆ. ನಡುವೆ ಮೂರು ಮಾತ್ರ ಮೆಟ್ಟಿಲಿನ ಹಾಗೆ ಒಂದರ ಪಕ್ಕ ಒಂದು, ಮಗ್ಗದ ಹಾಸಿನಲ್ಲಿ ಎಳೆದ ನೂಲಿನಷ್ಟು ಅಚ್ಚುಕಟ್ಟಾಗಿ.

ಅಂದು ರಾತ್ರಿ ಅದೇ ಹೊತ್ತಿಗೆ ಗಂಡನನ್ನು ಕರೆದುಕೊಂಡು ಮದುವೆ ಮನೆಯ ಮುಂದೆ ಹೋಗಿ, ಕ್ಯಾಮೆರಾ ನಿಂತಿದ್ದ ಕಡೆಯೇ ನಿಂತು ಪೂರ್ವಕ್ಕೆ ನೋಡಿದಳು. ತೆಂಗಿನ ಮರದ ಮೇಲೆ ಮೂರು ನಕ್ಷತ್ರಗಳು, ಮೆಟ್ಟಿಲಿನ ಹಾಗೆ.

"ಏನು ನೋಡ್ತಿದೀಯ?" ಎಂದ ಗೋವಿಂದಸಾಮಿ.

"ನಮ್ಮ ಸ್ಟುಡಿಯೋದ ಫಿಲ್ಮ್ ಮೇಲೆ ಬಂದಿದ್ದು ಇವು" ಎಂದಳು. "ಹತ್ತು ನಿಮಿಷದಲ್ಲಿ ಎಷ್ಟು ದೂರ ನಡೆದವೋ ಅಷ್ಟುದ್ದ ಗೆರೆ ಎಳೆದಿವೆ."

ಚುಕ್ಕಿ ಅಳಿಸುವ ಕೈಗೆ ಚುಕ್ಕಿ ಹಿಡಿಯುವ ಆಸೆ ಹತ್ತಿದ್ದು ಹೀಗೆ.

ರಾಮಲಿಂಗಂ ಮೊದಲು ನಕ್ಕ. ಆಮೇಲೆ ಆ ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಮದುವೆ ರೋಲ್‌ನಲ್ಲಿ ಕೊನೆಗೆ ಎರಡು ಮೂರು ಫ್ರೇಮ್ ಉಳಿದೇ ಉಳಿಯುತ್ತವೆ. ಅವು ನಿನ್ನವು" ಎಂದ. ಮೂಲೆಯಲ್ಲಿ ಬಿದ್ದಿದ್ದ ರಷ್ಯಾದ ಹಳೆಯ ಕ್ಯಾಮೆರಾವನ್ನೂ, ಕೈ ತಾಗದೆ ಶಟರ್ ತೆರೆದಿಡುವ ತಂತಿಯನ್ನೂ ಕೊಟ್ಟ. ಫಿಲ್ಮ್ ತೊಳೆಯುವುದು, ಪ್ರಿಂಟ್ ಹಾಕುವುದು ಅವಳಿಗೆ ಗೊತ್ತಿತ್ತು. ಆದರೆ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಮೊದಲ ಪ್ರಯತ್ನ ಮನೆಯ ಮಾಳಿಗೆಯ ಮೇಲೆ. ಇಪ್ಪತ್ತು ನಿಮಿಷ ಶಟರ್ ತೆರೆದಿಟ್ಟಳು. ಬೀದಿ ದೀಪದ ಬೆಳಕು ಸೇರಿ ಫ್ರೇಮ್ ಪೂರ್ತಿ ಬೂದಿ ಬಳಿದ ಹಾಗಾಯಿತು. ಎರಡನೆಯ ಸಲ ಫೋಕಸ್ ತಪ್ಪಿ ಒಂದೊಂದು ನಕ್ಷತ್ರವೂ ಮೊಸರಿನ ತೊಟ್ಟಿನ ಹಾಗೆ ಊದಿಕೊಂಡಿತ್ತು. ಮೂರನೆಯ ಸಲ ಮಂಜು ಲೆನ್ಸ್ ಮೇಲೆ ಕೂತುಬಿಟ್ಟಿತ್ತು. ಒಂದೊಂದು ತಪ್ಪನ್ನೂ ತಮಿಳಿನಲ್ಲಿ ನೋಟ್‌ಬುಕ್ಕಿಗೆ ಬರೆದಳು: ಎಷ್ಟು ಸೆಕೆಂಡು, ಯಾವ ದಿಕ್ಕು, ಏನು ಕೆಟ್ಟಿತು. ಶಟರನ್ನು ಬರೀ ಹದಿನೈದು ಸೆಕೆಂಡು ತೆರೆದಿಟ್ಟರೆ ಗೆರೆಯಾಗದೆ ನಕ್ಷತ್ರ ಚುಕ್ಕಿಯಾಗಿಯೇ ನಿಲ್ಲುತ್ತದೆ ಎಂದು ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ಗಡಿಯಾರ ನೋಡಲು ಟಾರ್ಚ್ ಹಾಕಿದರೆ ಕಣ್ಣು ಕುರುಡಾಗುತ್ತಿತ್ತು. ಡಾರ್ಕ್‌ರೂಮಿನ ಕೆಂಪು ದೀಪ ನೆನಪಾಗಿ, ಗಂಡನ ಮಗ್ಗದಲ್ಲಿ ಉಳಿದ ಕೆಂಪು ರೇಷ್ಮೆಯ ತುಂಡನ್ನು ಟಾರ್ಚಿನ ಬಾಯಿಗೆ ಕಟ್ಟಿದಳು.

ಮೊದಲ ಒಳ್ಳೆಯ ಪ್ರಿಂಟ್ ಕೈಗೆ ಬಂದ ದಿನ ಇನ್ನೊಂದು ಎಡವಟ್ಟಾಯಿತು. ಒಣಗಿದ ಪ್ರಿಂಟನ್ನು ಮೇಜಿನ ಮೇಲಿಟ್ಟು, ಎಲ್ಲ ಪ್ರಿಂಟಿಗೂ ಮಾಡುವ ಹಾಗೆ ಕುಂಚ ಎತ್ತಿಕೊಂಡಳು. ಹನ್ನೊಂದು ವರ್ಷದ ರೂಢಿ. ಬೇರೆ ಏನೋ ಯೋಚಿಸುತ್ತ ಆರೇಳು ಚುಕ್ಕಿ ಮುಚ್ಚಿದ ಮೇಲೆ ಕುಂಚ ಗಕ್ಕನೆ ನಿಂತಿತು. ಮುಚ್ಚಿದ್ದು ಧೂಳೋ ನಕ್ಷತ್ರವೋ? ಕಾಗದದ ಮೇಲೆ ಎರಡೂ ಒಂದೇ ಥರ. ಆ ಗಾಬರಿಯಲ್ಲೇ ಉಪಾಯವೂ ಹೊಳೆಯಿತು: ಒಂದೇ ಜಾಗವನ್ನು ಎರಡು ಫ್ರೇಮ್ ತೆಗೆಯಬೇಕು. ಎರಡರಲ್ಲೂ ಅದೇ ಜಾಗದಲ್ಲಿದ್ದರೆ ನಕ್ಷತ್ರ, ಒಂದರಲ್ಲಿ ಮಾತ್ರ ಇದ್ದರೆ ಧೂಳು. ಅಂದಿನಿಂದ ಅವಳು ಯಾವ ಆಕಾಶವನ್ನೂ ಒಂದೇ ಸಲ ತೆಗೆಯಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಕಾಳಿಯಮ್ಮ ಮಗಳ ಮದುವೆ ಆಲ್ಬಂ ತೆಗೆದುಕೊಂಡು ಹೋಗಲು ಸ್ಟುಡಿಯೋಗೆ ಬಂದಳು. ಭವಾನಿ ಹೊಳೆಯ ಕಡೆ ಬಾಳೆ ತೋಟ ಮಾಡಿಕೊಂಡಿದ್ದ ಸುಬ್ಬಯ್ಯನ್ ಗೌಡರ ಹೆಂಡತಿ. ಅವರ ಮನೆಯಲ್ಲೂ ಕನ್ನಡ. ಜಾತಿ ಬೇರೆ, ಕಸುಬು ಬೇರೆ, ಮಾತು ಒಂದೇ. ತನಗಿಂತ ಚಿಕ್ಕವರನ್ನೆಲ್ಲ ಮುದ್ದಿಗೆ 'ಕಣ್ಣು' ಎಂದೇ ಕರೆಯುವವಳು. ಗೋಡೆಗೆ ಅಂಟಿಸಿದ್ದ ಪ್ರಿಂಟ್ ನೋಡಿ, "ಇದೇನು ಕಣ್ಣು, ರವೆ ಚೆಲ್ಲಿದ ಹಾಗಿದೆ?" ಎಂದಳು.

"ನಕ್ಷತ್ರ ಅಕ್ಕ. ನಾನೇ ತೆಗೆದಿದ್ದು."

ಕಾಳಿಯಮ್ಮ ಹತ್ತಿರ ಹೋಗಿ ನೋಡಿದಳು. "ನನ್ನದು ರೇವತಿ. ಗುಡಿಯಲ್ಲಿ ಅರ್ಚನೆಗೆ ಹೇಳೋದು ಅದೇ, ಮದುವೆಗೆ ಕೂಡಿಸಿದ್ದೂ ಅದೇ. ಇದರಲ್ಲಿ ಎಲ್ಲಿದೆ?"

ಅಲ್ಲಿಯವರೆಗೆ ಆ ಪ್ರಶ್ನೆಯೇ ವಿಜಯಕುಮಾರಿಯ ತಲೆಗೆ ಬಂದಿರಲಿಲ್ಲ. ತನ್ನದು ಮಖ. ಹುಟ್ಟಿದ ಲಾಗಾಯ್ತಿನಿಂದ ಹೇಳಿಕೊಂಡು ಬಂದಿದ್ದಾಳೆ, ಒಂದು ದಿನವೂ ತಲೆಯೆತ್ತಿ ನೋಡಿಲ್ಲ. ಬೀದಿಯಲ್ಲಿ ಕೇಳಿದಳು, ಗುಡಿಯ ಪೂಜಾರಿಯನ್ನು ಕೇಳಿದಳು. ಇಪ್ಪತ್ತೇಳು ಹೆಸರನ್ನೂ ಎಲ್ಲರೂ ಗಿಳಿಯ ಹಾಗೆ ಹೇಳಿದರು. ಬೆರಳು ಮಾಡಿ ತೋರಿಸಲು ಒಬ್ಬರಿಂದಲೂ ಆಗಲಿಲ್ಲ.

ದಾರಿ ಸಿಕ್ಕಿದ್ದು ಅಡುಗೆಮನೆಯ ಗೋಡೆಯಲ್ಲಿ. ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರಿನಲ್ಲಿ ಆ ದಿನದ ನಕ್ಷತ್ರದ ಹೆಸರು ಇರುತ್ತದಲ್ಲ. 'ಇವತ್ತು ರೋಹಿಣಿ' ಎಂದರೆ ಏನು? ಚಂದ್ರ ಇವತ್ತು ರೋಹಿಣಿಯ ಪಕ್ಕದಲ್ಲಿದ್ದಾನೆ ಎಂದೇ ಅಲ್ಲವೇ? ಹಾಳೆ ಹರಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂಜೆ ಹೊರಗೆ ಬಂದಳು. ಚಂದ್ರನ ಹತ್ತಿರ ಒಂದು ಕೆಂಪು ನಕ್ಷತ್ರ. ಹಿಂದಿನ ಸಂಜೆ, ಕೃತ್ತಿಕೆಯ ದಿನ, ಚಂದ್ರನಿದ್ದ ಕಡೆ ಒಂದು ಪುಟ್ಟ ಗೊಂಚಲು. ಅಂದಿನಿಂದ ಪ್ರತಿ ಸಂಜೆ ಚಂದ್ರ ಇಳಿದುಕೊಂಡ ಮನೆಗೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕುವುದು. ಹದಿನೈದು ದಿನ ಕಳೆದು ಆಕಾಶ ಕತ್ತಲಾದಾಗ ಹೋಗಿ ಫೋಟೋ ತೆಗೆಯುವುದು. ಮಖ ಸಿಕ್ಕಿತು, ಚಿತ್ತಾ, ಸ್ವಾತಿ ಸಿಕ್ಕವು. ಆಡಿ ತಿಂಗಳಲ್ಲಿ, ನಡು ಜುಲೈ ದಾಟಿದ ಮೇಲೆ, ಚೇಳಿನ ಎದೆಯ ಜ್ಯೇಷ್ಠಾ, ಅದರ ಬಾಲದ ಮೂಲಾ.

ರೇವತಿ ಮಾತ್ರ ಸಿಗಲಿಲ್ಲ. ಆ ದಿನ ಚಂದ್ರನ ಸುತ್ತ ಹೇಳಿಕೊಳ್ಳುವಂಥ ಒಂದು ಚುಕ್ಕಿಯೂ ಕಾಣಲಿಲ್ಲ. ಆಮೇಲೆ ನಡು ಅಕ್ಟೋಬರಿನಿಂದ ಐಪ್ಪಸಿ, ಕಾರ್ತಿಗೈ ತಿಂಗಳ ಮಳೆ ಹಿಡಿಯಿತು. ಎರಡು ತಿಂಗಳು ಆಕಾಶವೇ ಇಲ್ಲ. ಕೊನೆಗೆ ಮೇಟ್ಟುಪಾಳಯದ ಹೆಣ್ಣುಮಕ್ಕಳ ಶಾಲೆಯ ವಿಜ್ಞಾನದ ಟೀಚರ್ ಸುಶೀಲ, ಪಾಸ್‌ಪೋರ್ಟ್ ಫೋಟೋಗೆಂದು ಸ್ಟುಡಿಯೋಗೆ ಬಂದವರು, ಗೋಡೆಯ ಪ್ರಿಂಟ್‌ಗಳನ್ನು ನೋಡಿ ಕುರ್ಚಿ ಎಳೆದು ಕೂತುಬಿಟ್ಟರು. ಮುಂದಿನ ವಾರ ಒಂದು ದೊಡ್ಡ ನಕ್ಷತ್ರ ನಕ್ಷೆ ತಂದುಕೊಟ್ಟರು. ಅದರಲ್ಲಿ ಮೀನ ರಾಶಿಯ ಒಂದು ತುದಿಯಲ್ಲಿ, ಸೂಜಿ ಮೊನೆಯಷ್ಟು ಚುಕ್ಕಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. "ಇದೇ ರೇವತಿ. ಬರಿಗಣ್ಣಿಗೆ ಕಾಣೋದೇ ಕಷ್ಟ. ಫಿಲ್ಮ್‌ಗೆ ಬಿದ್ದರೆ ನನಗೂ ತೋರಿಸು" ಎಂದರು.

ಅಷ್ಟು ಸಣ್ಣದನ್ನು ಹಿಡಿಯಲು ಊರ ಬೆಳಕು ಬಿಟ್ಟು ಹೋಗಬೇಕಿತ್ತು. ಕಾಳಿಯಮ್ಮನೇ ಕರೆದಳು: "ನಮ್ಮ ತೋಟಕ್ಕೆ ಬಾ. ಮೋಟರ್ ರೂಮಿನ ಮೇಲೆ ಹತ್ತಿದರೆ ಸುತ್ತಲೂ ಆಕಾಶವೇ." ಮಾರ್ಗಳಿ ತಿಂಗಳ ಕೊನೆಯಲ್ಲಿ, ಪೊಂಗಲ್ಲಿಗೆ ಮುಂಚೆ, ಒಂದು ಸಂಜೆ ಗೋವಿಂದಸಾಮಿಯ ಸೈಕಲ್ ಹಿಂದೆ ಸ್ಟ್ಯಾಂಡ್ ಕಟ್ಟಿಕೊಂಡು ಹೋದರು. ಎಂಟು ಫ್ರೇಮ್ ತೆಗೆದಳು. ತೊಳೆದು ನೋಡಿದರೆ ಎಂಟರಲ್ಲೂ ಒಂದೊಂದು ನಕ್ಷತ್ರವೂ ಎರಡೆರಡಾಗಿ ನಡುಗಿತ್ತು. ರೇವತಿ ಆ ನಡುಕದಲ್ಲಿ ಕರಗಿಹೋಗಿತ್ತು.

ಸ್ಟ್ಯಾಂಡಿನ ತಪ್ಪೇ? ತಂತಿಯ ತಪ್ಪೇ? ಎರಡು ದಿನ ತಲೆ ಕೆಡಿಸಿಕೊಂಡಳು. ಮೂರನೆಯ ದಿನ ಮನೆಯಲ್ಲಿ ಗಂಡ ಮಗ್ಗ ಹೊಡೆಯುತ್ತಿದ್ದಾಗ, ಗೂಡಿನಲ್ಲಿದ್ದ ತಂಬಿಗೆಯ ನೀರು ಒಂದೊಂದು ಏಟಿಗೂ ಸಣ್ಣಗೆ ಅಲೆಯೇಳುವುದು ಕಣ್ಣಿಗೆ ಬಿತ್ತು. ಅವಳ ಕಾಲ ಕೆಳಗೆ ಅಂದು ಮೋಟರ್ ಓಡುತ್ತಿತ್ತು!

ಹೇಳುವುದು ಹೇಗೆ? ಹೊಲದ ಮೋಟರಿಗೆ ಕರೆಂಟ್ ಬರುವುದೇ ದಿನಕ್ಕೆ ಕೆಲವು ಗಂಟೆ. ಆ ಗಂಟೆಗಳು ರೈತನ ಪಾಲಿಗೆ ಬಂಗಾರ. ಪೊಂಗಲ್ ಕಳೆದು ತೈ ಅಮಾವಾಸ್ಯೆಯ ಸಂಜೆ ಮತ್ತೆ ತೋಟಕ್ಕೆ ಹೋದಾಗ, ಕೆಳಗೆ ಮೋಟರ್ ಗುಂಯ್‌ಗುಡುತ್ತಿತ್ತು. ಪಡುವಲಲ್ಲಿ ಬೆಟ್ಟದ ಸಾಲಿನ ಮೇಲೆ ಬೆಳಕು ಪೂರ್ತಿ ಆರಿತ್ತು. ಬೆಟ್ಟಕ್ಕಿಂತ ಎಷ್ಟೋ ಮೇಲೆ, ರೇವತಿ ಇರಬೇಕಾದ ಜಾಗ.

ಸುಬ್ಬಯ್ಯನ್ ಕೆಳಗಿನಿಂದ ಕೂಗಿ ಕೇಳಿದ. "ಏನು ಅಮ್ಮಣಿ, ಹೋದ ಸಲದ್ದು ಚೆನ್ನಾಗಿ ಬಂತಾ?"

"ಇಲ್ಲ ಗೌಡ್ರೇ" ಎಂದಳು. ಮತ್ತೆ ಧೈರ್ಯ ಮಾಡಿ, "ಮೋಟರ್ ಓಡುವಾಗ ರೂಮು ನಡುಗ್ತದೆ. ನಕ್ಷತ್ರವೂ ನಡುಗ್ತದೆ" ಎಂದಳು.

ಸುಬ್ಬಯ್ಯನ್‌ನ ಕೈಯಲ್ಲಿ ಸಲಿಕೆ, ನೀರು ಆಗಷ್ಟೇ ಮೂರನೆಯ ಪಾತಿಗೆ ತಿರುಗಿತ್ತು. ಬಾಳೆಯ ಕಡೆ ನೋಡಿದ, ಮೇಲೆ ನೋಡಿದ. ಅವನು ಯೋಚಿಸಿ ಮುಗಿಸುವ ಮೊದಲೇ ಕಾಳಿಯಮ್ಮ ರೂಮಿನೊಳಗೆ ಹೋಗಿ ಕೆಂಪು ಬಟನ್ ಒತ್ತಿಬಿಟ್ಟಳು. ಗುಂಯ್ ಎನ್ನುವುದು ನಿಂತಿತು. ಬದುವಿನ ಕಪ್ಪೆಗಳ ಸದ್ದು ಒಮ್ಮೆಲೇ ಎದ್ದು ಬಂತು.

"ಏಯ್, ಕರೆಂಟ್ ಹೋದರೆ?" ಎಂದ ಸುಬ್ಬಯ್ಯನ್.

"ಹೋದರೆ ಹೋಗ್ಲಿ. ಬಾಳೆ ಕಾಲು ಗಂಟೆ ಕಾಯ್ತದೆ. ನಾನು ನಲವತ್ತೆಂಟು ವರ್ಷ ಕಾದಿದೀನಿ" ಎಂದಳು ಕಾಳಿಯಮ್ಮ. "ನೀನು ಫೋಟೋ ತೆಗಿ, ಕಣ್ಣು."

ವಿಜಯಕುಮಾರಿ ಶಟರಿನ ತಂತಿ ಒತ್ತಿದಳು. ಗೋವಿಂದಸಾಮಿ ಕೆಂಪು ಟಾರ್ಚ್ ಹಿಡಿದು ಗಡಿಯಾರ ನೋಡುತ್ತ, ಮಗ್ಗದಲ್ಲಿ ಎಳೆ ಎಣಿಸುವ ದನಿಯಲ್ಲೇ ಸೆಕೆಂಡು ಎಣಿಸಿದ. ಹದಿನೈದು. ಮತ್ತೆ ಹದಿನೈದು. ಆರು ಫ್ರೇಮ್. ಯಾರೂ ಅಲುಗಾಡಲಿಲ್ಲ; ಸುಬ್ಬಯ್ಯನ್ ಸಲಿಕೆಯನ್ನು ನೆಲಕ್ಕೂ ಊರದೆ ಹಿಡಿದುಕೊಂಡೇ ನಿಂತಿದ್ದ. "ಆಯ್ತು" ಎಂದಾಗ ಅವನೇ ಓಡಿಹೋಗಿ ಹಸಿರು ಬಟನ್ ಒತ್ತಿದ. ಕರೆಂಟ್ ಇತ್ತು. ನೀರು ಮತ್ತೆ ಧುಮುಕಿತು.

ಮರುದಿನ ಡಾರ್ಕ್‌ರೂಮಿನಲ್ಲಿ ಎರಡು ಪ್ರಿಂಟ್ ಪಕ್ಕಪಕ್ಕ ಇಟ್ಟು, ಟೀಚರ್ ಕೊಟ್ಟ ನಕ್ಷೆಗೆ ಹೋಲಿಸಿ, ಭೂತಗನ್ನಡಿಯಲ್ಲಿ ಹುಡುಕಿದಳು. ಒಂದರಲ್ಲಿ ಇತ್ತು. ಇನ್ನೊಂದರಲ್ಲೂ ಅದೇ ಜಾಗದಲ್ಲಿ ಇತ್ತು. ಧೂಳಲ್ಲ. "ಅಣ್ಣಾ!" ಎಂದು ಅವಳು ಕೂಗಿದ್ದಕ್ಕೆ ರಾಮಲಿಂಗಂ ಬಾಗಿಲು ತಳ್ಳಲು ಬಂದವನು, ಒಳಗೆ ಕಾಗದ ಹಾಳಾದೀತೆಂದು ಹೊರಗೇ ನಿಂತು ಹತ್ತು ಸಲ "ಏನಾಯ್ತಮ್ಮಾ?" ಎಂದು ಕೇಳಿದ.

ಪ್ರಿಂಟ್ ತೆಗೆದುಕೊಂಡು ತೋಟಕ್ಕೆ ಹೋದಾಗ ವಿಜಯಕುಮಾರಿಗೆ ಒಳಗೊಳಗೇ ಅಳುಕು. ಇಷ್ಟೆಲ್ಲ ಮಾಡಿ ಕೊನೆಗೆ ತೋರಿಸುವುದು ಸಾಸಿವೆಗಿಂತ ಸಣ್ಣದು. ಕಾಳಿಯಮ್ಮ ಪ್ರಿಂಟನ್ನು ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು.

"ಇಷ್ಟೇ ಇಷ್ಟಾ?"

"ಹೂಂ ಅಕ್ಕ. ಸಣ್ಣದು."

ಕಾಳಿಯಮ್ಮ ನಗತೊಡಗಿದಳು. "ನನ್ನ ಹಾಗೇ. ಗುಂಪಲ್ಲಿ ನಿಂತರೆ ಯಾರಿಗೂ ಕಾಣಲ್ಲ. ಆದರೆ ಇದೆ, ಅಲ್ವಾ? ಇದ್ದೇ ಇದೆ." ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಪ್ರಿಂಟಿಗೆ ಚೌಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗು ಹಾಕಿದರು. ಸುಬ್ಬಯ್ಯನ್ ಮನೆಗೆ ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದ: "ಇದು ನಮ್ಮ ಮನೆಯೋಳು."

ಸುದ್ದಿಗೆ ಕಾಲು ಬಂತು. ಸ್ಟುಡಿಯೋಗೆ ಬಂದವರು ತಮ್ಮ ನಕ್ಷತ್ರ ಕೇಳತೊಡಗಿದರು. ತೊಟ್ಟಿಲ ಕೂಸಿನ ಫೋಟೋ ಜೊತೆ ಅದರ ನಕ್ಷತ್ರದ ಫೋಟೋ. ಮದುವೆ ಆಲ್ಬಮ್ಮಿನ ಮೊದಲ ಹಾಳೆಯಲ್ಲಿ ಗಂಡು ಹೆಣ್ಣಿನ ಎರಡು ನಕ್ಷತ್ರ. ಅದೇ ಹೊತ್ತಿಗೆ ಕೊಯಮತ್ತೂರಿನಲ್ಲಿ ಕಲರ್ ಲ್ಯಾಬ್‌ಗಳು ಬಂದು, ಕುಂಚದ ಕೆಲಸ ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು. ಬೇರೆ ಕಡೆ ಅವಳಂಥವರು ಮನೆಗೆ ಹೋದರು. ವಿಜಯಕುಮಾರಿಗೆ ಮಾತ್ರ ಅಷ್ಟರಲ್ಲಿ ಕ್ಯಾಮೆರಾ ಕೈಗೆ ಹತ್ತಿತ್ತು. ಕತ್ತಲಲ್ಲಿ ಬೆಳಕು ಅಳೆಯಲು ಕಲಿತವಳಿಗೆ ಮದುವೆ ಮಂಟಪದ ಬೆಳಕು ಯಾವ ಲೆಕ್ಕ? "ಹೆಂಗಸರ ಕಡೆ ನೀನೇ ತೆಗಿ" ಎಂದ ರಾಮಲಿಂಗಂ. ಮೊದಲ ಮದುವೆಯಲ್ಲಿ ಗಂಡಸರು ಪಿಸುಗುಟ್ಟಿದರು. ಹೆಂಗಸರು ಅವಳ ಮುಂದೆ ಹಲ್ಲು ಕಾಣುವಂತೆ ನಕ್ಕರು, ಫೋಟೋದಲ್ಲೂ ಹಾಗೇ ಬಂದರು. ಎರಡನೆಯ ಮದುವೆಯವರು ಅವಳನ್ನೇ ಕೇಳಿಕೊಂಡು ಬಂದರು.

1986ರ ಮಾರ್ಚ್‌ನಲ್ಲಿ ಬಾಲದ ನಕ್ಷತ್ರ ಬಂದಿದೆಯೆಂದು ಊರೆಲ್ಲ ಗುಲ್ಲೆದ್ದಾಗ, ಬೆಳಗಿನ ಜಾವ ಜನ ಅವಳ ಮನೆ ಬಾಗಿಲು ತಟ್ಟಿದರು. ಯಾವ ದಿಕ್ಕಿಗೆ ನೋಡಬೇಕೆಂದು ಅವಳಿಗೆ ಗೊತ್ತಿತ್ತು. ಬಂದವರಲ್ಲಿ ಅರ್ಧ ಜನ "ಇಷ್ಟು ಮಂಕೇ?" ಎಂದು ಗೊಣಗಿ ಹೋದರು. ಉಳಿದವರು ಸೂರ್ಯ ಬರುವವರೆಗೂ ಒಂದೊಂದೇ ನಕ್ಷತ್ರದ ಹೆಸರು ಕೇಳುತ್ತ ಕೂತರು.

ಇಷ್ಟು ದಿನ ಸೈಕಲ್ ತುಳಿದ, ಸ್ಟ್ಯಾಂಡ್ ಹೊತ್ತ, ಸೆಕೆಂಡು ಎಣಿಸಿದ ಗೋವಿಂದಸಾಮಿ ತನ್ನ ನಕ್ಷತ್ರ ಯಾವುದೆಂದು ಒಂದು ಸಲವೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ, ಮದುವೆಯಲ್ಲಿ ಹುಟ್ಟಿದ ನಕ್ಷತ್ರ ಬಿಟ್ಟು ಬರೀ ಹೆಸರುಬಲ ನೋಡಿ ಕೂಡಿಸಿದ್ದರು. 1987ರ ಮಾಸಿ ತಿಂಗಳಲ್ಲಿ, ಶಿವರಾತ್ರಿಯ ಹೊತ್ತಿಗೆ, ಒಂದು ಸಂಜೆ, ಇಪ್ಪತ್ತೇಳು ನಕ್ಷತ್ರಗಳ ಪ್ರಿಂಟುಗಳನ್ನು ಚಾಪೆಯ ಮೇಲೆ ಹರಡಿಕೊಂಡು ಅವಳು ಹೆಸರು ಬರೆಯುತ್ತಿದ್ದಾಗ ಅವನು ಪಕ್ಕದಲ್ಲಿ ಬಂದು ಕೂತ.

"ನನ್ನದು ಇದರಲ್ಲಿ ಯಾವುದೋ" ಎಂದ. "ನಾನು ಹುಟ್ಟಿ ಮೂರನೇ ದಿನ ಅಮ್ಮ ಹೋದಳು. ಆ ಗಲಾಟೆಯಲ್ಲಿ ದಿನ, ಗಳಿಗೆ ಯಾರೂ ಬರೆದಿಡಲಿಲ್ಲ. ಗುಡಿಯಲ್ಲಿ ಪೂಜಾರಿ ನಕ್ಷತ್ರ ಕೇಳಿದಾಗೆಲ್ಲ ಬಾಯಿಗೆ ಬಂದದ್ದು ಹೇಳ್ತೀನಿ."

ಹದಿನೈದು ವರ್ಷ ಸಂಸಾರ ಮಾಡಿದ ಗಂಡ. ವಿಜಯಕುಮಾರಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. "ಇದರಲ್ಲಿ ಯಾವುದು ಬೇಕಾದರೂ ತಗೊಳ್ಳಿ" ಎಂದಳು.

ಅವನು ಪ್ರಿಂಟುಗಳ ಮೇಲೆ ಕಣ್ಣಾಡಿಸಿ ತಲೆಯಾಡಿಸಿದ. "ಇವೆಲ್ಲ ಯಾರ್‍ಯಾರದೋ. ಯಾರ ಲೆಕ್ಕಕ್ಕೂ ಸೇರದ್ದು ಒಂದೂ ಇಲ್ವಾ?"

"ಇದೆ. ಏಳಿ" ಎಂದಳು ಅವಳು.

ಮಾಳಿಗೆಗೆ ಕರೆದುಕೊಂಡು ಹೋದಳು. ತೆಂಕಣ ದಿಕ್ಕಿನಲ್ಲಿ, ಮನೆಗಳ ಸಾಲಿನ ಮೇಲೆ, ಒಂಟಿಯಾಗಿ ಒಂದು ದೊಡ್ಡ ನಕ್ಷತ್ರ ಬೆಳ್ಳಗೆ ಉರಿಯುತ್ತಿತ್ತು. "ಅಗಸ್ತ್ಯ. ಇಪ್ಪತ್ತೇಳರಲ್ಲಿ ಇಲ್ಲ. ಚಂದ್ರ ಅಲ್ಲಿಗೆ ಯಾವತ್ತೂ ಹೋಗೋದೇ ಇಲ್ಲ. ಆದರೆ ನೋಡಿ, ಎಷ್ಟು ಬೆಳಕು."

ಗೋವಿಂದಸಾಮಿ ಬಹಳ ಹೊತ್ತು ನೋಡಿದ. "ಶರಿ" ಎಂದ. "ಇದು ಇರ್ಲಿ ನನಗೆ."

ಅವಳು ಕ್ಯಾಮೆರಾ ತರಲು ಕೆಳಗಿಳಿದಳು. ವಾಪಸು ಬರುವಷ್ಟರಲ್ಲಿ ಅವನು ಮಾಳಿಗೆಯ ಮೂಲೆಯಲ್ಲಿದ್ದ ಸ್ಟ್ಯಾಂಡಿನ ಮೂರು ಕಾಲನ್ನೂ ಬಿಡಿಸಿ ನಿಲ್ಲಿಸಿದ್ದ. ಎಂದಿನ ಹಾಗೆ ಟಾರ್ಚಿಗೆ ಕೈ ಹಾಕಿದಾಗ ಅವಳು ತಡೆದು, ಶಟರಿನ ತಂತಿಯನ್ನು ಅವನ ಕೈಗಿಟ್ಟಳು.

"ಇವತ್ತು ನೀವು ಒತ್ತಿ. ನಾನು ಎಣಿಸ್ತೀನಿ."